ಪಂಡಿತ ನೋಡಿದ ರಶಿಯನ್ ಸಿನಿಮಾ

ಗಡಿಗೆ ಹತ್ತಿದ ಮಹಾರಾಷ್ಟ್ರದ ನಿಲಂಗಾ ಪೇಟೆಯ ಕಿರಾಣಿ ಅಂಗಡಿ ಪಂಡಿತನದು. ಆದರೆ ಯಾವ ಬೇಳೆ ಎಲ್ಲಿಂದ ತರಬೇಕು, ಬಾಗಿಲು ಎಷ್ಟೊತ್ತಿಗೆ ತೆರೆಯಬೇಕು ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದವಳು ತಾಯಿ ಗಿರಿಜಾಬಾಯಿ. ತಂದೆ ರಾಚಯ್ಯ ತೀರಿಕೊಂಡಾಗ ಅವನಿನ್ನೂ ಶಾಲೆಯಲ್ಲಿದ್ದ. ಆಕೆಯೇ ಗಲ್ಲಾಪೆಟ್ಟಿಗೆಯ ಮುಂದೆ ಕೂತು ವ್ಯಾಪಾರ ಉಳಿಸಿದ್ದಳು. ಹಾಗಾಗಿ ಆಕೆಗೆ ಎದುರಾಡಬೇಕೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ. ಹೆಂಡತಿ ಮೀನಲ ಬಿ.ಎಡ್. ಮುಗಿಸಿದವಳು. ಉದಗೀರದ ಶಾಲೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಾಗ ಅತ್ತೆ ಬೇಡವೆಂದಳು. ಪಂಡಿತ ತಲೆ ತಗ್ಗಿಸಿ ಊಟ ಮುಗಿಸಿ ಎದ್ದ. ಮೀನಲಳೂ ಆ ಮಾತನ್ನು ಮತ್ತೆ ತೆಗೆಯಲಿಲ್ಲ.

ಆ ಚಳಿಗಾಲದಲ್ಲಿ ಕಾಲೇಜಿನವರು ಹಳೆಯ ವಿದೇಶಿ ಸಿನಿಮಾ ಒಂದನ್ನು ತೋರಿಸುವವರಿದ್ದರು. ಅಂಗಡಿಗೆ ಬರುವ ಪ್ರಾಧ್ಯಾಪಕ ಸುನಿಲ ಗಂಡಹೆಂಡತಿ ಇಬ್ಬರಿಗೂ ಬರಲು ಹೇಳಿ ಹೋದ. ಮೀನಲಳಿಗೆ ಆಸೆ. ಗಂಡ ಜೊತೆಗಿದ್ದರೆ ಹೋಗಲಿ ಎಂದಳು ಗಿರಿಜಾಬಾಯಿ. ಪಂಡಿತ ಕಾವಲಿಗೆಂದು ಹೋದ.

ರಶಿಯಾದ ಒಂದು ದುರಂತ ನಾಟಕವನ್ನು ಸೋವಿಯತ್ ಕಾಲದಲ್ಲಿ ತೆರೆಗೆ ತಂದ ಕಪ್ಪು-ಬಿಳುಪು ಚಿತ್ರ ಅದು. ಸುನಿಲ ಮೊದಲೇ ಮರಾಠಿಯಲ್ಲಿ ಕತೆ ಹೇಳಿದ್ದರಿಂದ ತೊಡಕಾಗಲಿಲ್ಲ. ನದಿದಂಡೆಯ ಊರಿನ ಧಾನ್ಯದ ವ್ಯಾಪಾರಿಯ ಮನೆ. ಊಟಕ್ಕೆ ಕೂತಲ್ಲೇ ಅತ್ತೆ ಸೊಸೆಯನ್ನು ಎಲ್ಲರೆದುರು ಜರಿಯುತ್ತಾಳೆ. ಗಂಡ ರೊಟ್ಟಿ ಮುರಿದು ಸಾರಿನಲ್ಲಿ ಅದ್ದುತ್ತಿರುತ್ತಾನೆ. ಕೊನೆಗೊಂದು ಮುಂಜಾನೆ ಸೊಸೆ ಹೆಪ್ಪುಗಟ್ಟಿದ ನದಿಯ ಮೇಲೆ ನಡೆದು ಹೋಗುತ್ತಾಳೆ. ಗಂಡ ಅವಳ ಕೋಟು ಹಿಡಿದು ದಂಡೆಗೆ ಓಡಿ ಬರುವಷ್ಟರಲ್ಲಿ ಮಂಜುಗಡ್ಡೆ ಒಡೆದಿರುತ್ತದೆ. ನೋಡಿದವರೆಲ್ಲ ಅತ್ತೆಯನ್ನು ಬೈಯುತ್ತ ಎದ್ದರು. ಪಂಡಿತನ ಕಣ್ಣಲ್ಲಿ ಉಳಿದದ್ದು ರೊಟ್ಟಿ ಮುರಿಯುವ ಆ ಕೈಗಳು.

ಮನೆಗೆ ನಡೆಯುತ್ತ, "ಆ ಗಂಡ ಭಾಳ ಕೆಟ್ಟಾಂವ," ಎಂದ.

"ಕೆಟ್ಟಾಂವ ಅಲ್ಲರೀ," ಎಂದಳು ಮೀನಲ. "ಸುಮ್ಮ ಕುಂತಾಂವ, ಅಷ್ಟೇ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು.

ಮರುದಿನ ಊಟಕ್ಕೆ ಕೂತಾಗ ಅವನು ತಾಯಿಗೆ ಹೇಳಿಯೇಬಿಟ್ಟ. "ಅವ್ವಾ, ಮೀನಲ ನೌಕರಿಗಿ ಹೋಗತಾಳ. ನಾ ಹೂಂ ಅಂದೀನಿ."

"ಮನಿ ಯಾರು ನೋಡಬೇಕು?"

"ಇಬ್ಬರೂ ನೋಡತೀವಿ."

ಗಿರಿಜಾಬಾಯಿ ಅರ್ಧ ಊಟಕ್ಕೇ ಎದ್ದಳು. ಕೆಲ ದಿನ ಮಗನಿಗೆ ಹೇಳಬೇಕಾದ್ದನ್ನೆಲ್ಲ ಸೊಸೆಯ ಕೈಲಿ ಹೇಳಿಸಿದಳು.

ಅಷ್ಟರಲ್ಲಿ ಉದಗೀರದ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಜೂನ್‌ನಲ್ಲಿ ಮೀನಲ ಔರಾದ ಶಹಾಜಾನಿ ಊರಿನ ಸಣ್ಣ ಶಾಲೆಯೊಂದಕ್ಕೆ ಸೇರಿದಳು. ಈಗ ಪಂಡಿತ ಮುಂಜಾನೆ ಚಹಾ ಮಾಡಿ, ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದ ಮೇಲೆಯೇ ಅಂಗಡಿ ತೆರೆಯುತ್ತಾನೆ. ಬಾಗಿಲು ತಡವಾಗಿ ತೆರೆಯುವುದಕ್ಕೆ ಗಿರಿಜಾಬಾಯಿ ಬಂದ ಗಿರಾಕಿಗಳೆದುರು ಗೊಣಗುವುದನ್ನು ಬಿಟ್ಟಿಲ್ಲ. ಸಂಜೆ ಬಸ್ಸು ತಡವಾದ ದಿನ ಮಾತ್ರ ಹೊಸ್ತಿಲಿಗೆ ಬಂದು ನಿಂತು, "ಆಕಿ ಇನ್ನಾ ಬಂದಿಲ್ಲೇನು?" ಎಂದು ಕೇಳುತ್ತಾಳೆ.