ದಕ್ಕೆಯ ಅಕ್ಕ

ಅಕ್ಕನ ಬಲಗೈಯ ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಮಂಜುಗಡ್ಡೆಯ ನೀರಲ್ಲಿ ವರ್ಷಗಟ್ಟಲೆ ಮೀನು ಆರಿಸಿ ತುದಿಗಳು ಬಿಳಿಚಿ, ಸುಕ್ಕುಗಟ್ಟಿ, ಒಳಕ್ಕೆ ಬಾಗಿದ್ದವು.

ವಾರಪತ್ರಿಕೆಯೊಂದಕ್ಕೆ ಮಂಗಳೂರಿನ ಬಗ್ಗೆ ಪ್ರವಾಸ ಲೇಖನ ಬರೆಯಲು ನಾನು ದಾವಣಗೆರೆಯಿಂದ ಮೂರು ದಿನಕ್ಕೆಂದು ಹೋಗಿದ್ದೆ. ನೋಟ್‌ಬುಕ್ ಹಿಡಿದು, ದೋಣಿಗಳು ಬಂದು ನಿಲ್ಲುವ ಮೀನುಗಾರಿಕೆ ದಕ್ಕೆಗೆ ಕಾಲಿಟ್ಟವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಬುಟ್ಟಿಗಳ ನಡುವೆ ಕೂತಿದ್ದ ಅವರು ನಕ್ಕರು.

"ಎಂತ ಮಾರಾಯ್ತಿ, ಹೀಗೆ ಮುಚ್ಚಿಕೊಂಡು ಎಂತ ಬರೀತೀರಿ?"

ಕೆಲಸ ಮುಗಿಸಿ ಅವರೇ ನನ್ನನ್ನು ಬಂದರಿನ ಓಣಿಗಳಲ್ಲಿ ಸುತ್ತಿಸಿದರು. ಹೆಂಚು ಜಾರಿದ ಗೋದಾಮುಗಳು, ಒಣಮೀನಿನ ಮೂಟೆ, ಕೈಗಾಡಿ ತಳ್ಳುವವರ ಬೈಗುಳ, ಕತ್ತಲೆ ಹೋಟೆಲಿನ ಬಿಸಿ ಬನ್ಸು. ಗಲೀಜಿನ ಊರು, ಆದರೂ ಬಿಟ್ಟು ಹೊರಡಲು ಮನಸ್ಸಾಗಲಿಲ್ಲ. ಮರುದಿನ ಫೆರಿಯಲ್ಲಿ ನದಿಯಾಚೆ ಬೆಂಗ್ರೆಯ ತಮ್ಮ ಮನೆಗೆ ಕರೆದೊಯ್ದು ಬಂಗುಡೆ ಸಾರು ಬಡಿಸಿದರು. ಅವರ ಗಂಡ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದರು. ನನ್ನನ್ನು ನೋಡಿ, "ಊಟ ಸರಿ ಉಂಟಾ?" ಎಂದದ್ದು ಬಿಟ್ಟರೆ ಮಾತೇ ಆಡಲಿಲ್ಲ.

ಹೊರಡುವ ದಿನ ಬೆಳಿಗ್ಗೆ ದಕ್ಕೆಯ ತುದಿಯಲ್ಲಿ ಅಕ್ಕ ಒಬ್ಬರೇ, ನದಿ ಕಡಲು ಸೇರುವ ಅಳಿವೆಯ ಕಡೆ ಮುಖ ಮಾಡಿ ನಿಂತಿದ್ದರು. ಬೆಳಕು ಚೆನ್ನಾಗಿತ್ತು. ಹಿಂದಿನಿಂದಲೇ ಫೋಟೊ ತೆಗೆದೆ. ಬಸ್ಸಿಗೆ ತಡವಾಗಿತ್ತು, ಮಾತಾಡಿಸಲಿಲ್ಲ. ಲೇಖನದಲ್ಲಿ ಆ ಫೋಟೊದ ಕೆಳಗೆ, "ಮೀನಿನ ದಾರಿ ಕಾಯುತ್ತಾ" ಎಂದು ಬರೆದೆ.

ಅಕ್ಕನಿಗೆ ಪತ್ರಿಕೆ ಕಳಿಸಿ, ತಿಂಗಳಾದ ಮೇಲೆ ಫೋನ್ ಮಾಡಿದೆ.

"ಮಗಳು ಓದಿ ಹೇಳಿದಳು. ಚಂದ ಬರ್ದಿದ್ದೀರಿ," ಎಂದರು. ಆಮೇಲೆ ಹೇಳಿದರು, "ಆ ದಿನ ನಾನು ಮೀನಿಗೆ ನಿಂತದ್ದಲ್ಲ. ಬೆಳಗಾಗುವಾಗ ಬರಬೇಕಾದ ಇವರ ದೋಣಿ ಬಂದಿರ್ಲಿಲ್ಲ. ಅಳಿವೆಯಲ್ಲಿ ಮಗುಚಿತು ಅಂತ ಮಧ್ಯಾಹ್ನ ಗೊತ್ತಾಯ್ತು. ಇವರ ದೇಹ ಸಿಕ್ಕಿದ್ದು ಎರಡು ದಿನ ಬಿಟ್ಟು."

ಮೇಜಿನ ಮೇಲಿದ್ದ ಪತ್ರಿಕೆಯನ್ನು ಎಳೆದುಕೊಂಡು ಆ ಪುಟ ತೆರೆದೆ.

"ನೀವು ಬೇಜಾರು ಮಾಡ್ಬೇಡಿ. ಗೊತ್ತಿದ್ದು ಬರ್ದದ್ದಲ್ಲ ಅಲ್ವಾ? ಆದ್ರೆ ಆ ಫೋಟೊ ದೊಡ್ಡದು ಮಾಡಿ ಕೊಡ್ತೀರಾ? ದೂರ ನೀರಲ್ಲಿ ಒಂದು ಕಪ್ಪು ಚುಕ್ಕಿ ಉಂಟು. ಇವರದ್ದಾ ಅಂತ ನೋಡ್ಬೇಕು."

ದೊಡ್ಡದು ಮಾಡಿಸಿ ನಾನೇ ಒಯ್ದು ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ನೆಲ ನೋಡುತ್ತಾ ಕೂತಿದ್ದೆ.

"ಅಲ್ಲ," ಎಂದರು ಕೊನೆಗೆ. "ಇದು ಬೇರೆಯವರ ದೋಣಿ. ಪಾಪ, ಅವರು ದಡ ಸೇರಿರಬಹುದು."

ಕಳೆದ ವರ್ಷ ಅಕ್ಕ ಜ್ವರದಲ್ಲಿ ತೀರಿಕೊಂಡರು. ನನಗೆ ತಿಳಿದದ್ದು ಹನ್ನೊಂದು ದಿನ ಕಳೆದ ಮೇಲೆ. ಈಗ ಯಾವ ಊರಿಗೆ ಹೋದರೂ, ಒಂಟಿಯಾಗಿ ನಿಂತವರನ್ನು ಕಂಡರೆ ಕ್ಯಾಮೆರಾ ಚೀಲದೊಳಗಿಟ್ಟು ಹತ್ತಿರ ಹೋಗುತ್ತೇನೆ. ಯಾಕೆ ನಿಂತಿದ್ದೀರಿ ಎಂದು ಕೇಳುತ್ತೇನೆ. ಕೆಲವರು ಹೇಳುತ್ತಾರೆ.