ಗೌರವ್ವನ ಹೆಸರಿನ ಕಪ್ಪು ಪದರ

ಬನಹಟ್ಟಿಯಲ್ಲಿ ನಾನು ರೇಡಿಯಂ ಅಂಗಡಿ ತೆರೆದು ಆಗ ಒಂಬತ್ತನೆಯ ವರ್ಷ. ವಾಹನಗಳಿಗೆ ಅಂಟಿಸುವ ವಿನೈಲ್ ಅಕ್ಷರಗಳಿಗೆ ನಮ್ಮ ಕಡೆ ರೇಡಿಯಂ ಎಂದೇ ಹೆಸರು, ಹೊಳೆಯಲಿ ಬಿಡಲಿ. ಅದಕ್ಕೂ ಮೊದಲು ಸೀರೆ ಸೆರಗಿನ ಡಿಸೈನುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದೆ. ಹೀಗಾಗಿ ಗೆರೆಯ ವಿಷಯದಲ್ಲಿ ನನಗೆ ಕೈ ಚೆನ್ನಾಗಿತ್ತು, ಜಂಬವೂ ಇತ್ತು. ಕಬ್ಬಿನ ಹಂಗಾಮು ಶುರುವಾದ ಹೊಸದರಲ್ಲಿ ಚಿಮ್ಮಡದ ಈರಪ್ಪ ತನ್ನ ಹೊಸ ಟಂಟಂ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಟಂಟಂ ಎಂದರೆ ಮೂರು ಗಾಲಿಯ ದೊಡ್ಡ ಆಟೊ. ಚಿಮ್ಮಡದಿಂದ ಬನಹಟ್ಟಿಯ ಶಾಲೆಗೆ ದಿನಾ ಹನ್ನೊಂದು ಮಕ್ಕಳನ್ನು ಕರೆತರುವುದು ಅವನ ಕೆಲಸ.

"ಅಕ್ಕಾರ, ಮುಂದಿನ ಗ್ಲಾಸಿನ ಮ್ಯಾಲ 'ಗೌರವ್ವನ ಆಶೀರ್ವಾದ' ಅಂತ ಹಾಕ್ರಿ. ನಮ್ಮವ್ವ ತೀರಿ ಇನ್ನೂ ವರ್ಷ ಆಗಿಲ್ಲ. ಅಕ್ಷರ ದೊಡ್ಡೂ ಬೇಕು, ಮೂರು ಬಣ್ಣ ಇರಬೇಕು" ಎಂದ.

ಸಾಫ್ಟ್‌ವೇರಿನಲ್ಲಿ ಮೊದಲು ಅಕ್ಷರಗಳನ್ನು ವೆಲ್ಡ್ ಮಾಡಿದೆ. ಅಂದರೆ ಒಂದರ ಮೇಲೊಂದು ಹಾಯುವ ಗೆರೆಗಳನ್ನು ಬೆಸೆದು ಒಂದೇ ಆಕಾರ ಮಾಡುವುದು. ಇಲ್ಲದಿದ್ದರೆ ಕತ್ತರಿಸುವ ಯಂತ್ರದ ಬ್ಲೇಡು ಅಕ್ಷರದ ಹೊಟ್ಟೆಯನ್ನೇ ಸೀಳುತ್ತದೆ. ಹಳದಿ ಅಕ್ಷರದ ಸುತ್ತ ಕಾಲು ಇಂಚು ಕಂಟೂರ್, ಅಂದರೆ ಹೊರಗೆರೆ, ಕೊಟ್ಟು ಕೆಂಪು ಪದರ ಮಾಡಿದೆ. ಅದರ ಸುತ್ತ ಅರ್ಧ ಇಂಚು ಕೊಟ್ಟು ಎಲ್ಲಕ್ಕೂ ಅಡಿಯಲ್ಲಿ ಕೂರುವ ಕಪ್ಪು ಪದರ. ಹೊರಗೆರೆ ಹಿಗ್ಗಿದಷ್ಟೂ ಅಕ್ಷರಗಳ ನಡುವಿನ ಸಂದು ಮುಚ್ಚುತ್ತ ಹೋಗುತ್ತದೆ. ಉಳಿದ ಸಣ್ಣ ಕಿಂಡಿಗಳನ್ನು ನಾನೇ ಅಳಿಸಿದೆ, ಗಾಡಿ ತೊಳೆಯುವಾಗ ಅಂಥ ಅಂಚುಗಳೇ ಮೊದಲು ಏಳುತ್ತವೆ ಎಂದು. ಕಪ್ಪು ಪದರ ಒಂದೇ ಹಲಗೆಯಾಯಿತು. ಗಾಜಿನ ಎತ್ತರ ಇಪ್ಪತ್ತು ಇಂಚು, ಅದರಲ್ಲಿ ಈ ಹಲಗೆಯೇ ಎಂಟು ಇಂಚು.

ಗಾಜಿನ ಮೇಲ್ಭಾಗಕ್ಕೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಅಲ್ಲಿಯವರೆಗೆ ಮಾಡಿರಲಿಲ್ಲ. ಈರಪ್ಪ ಕಾಯಿ ಒಡೆದು, ಅಕ್ಷರಕ್ಕೇ ಕುಂಕುಮ ಹಚ್ಚಿ ಕೈಮುಗಿದ. ಒಳಗೆ ಕೂತು ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮೂರು ವಾರದ ನಂತರ ಚಿಮ್ಮಡದ ನಂಟರ ಮನೆಯಿಂದ ಮುಂಜಾನೆ ಅದೇ ಟಂಟಂನಲ್ಲಿ ಮರಳಿದೆ. ಹಿಂದೆ ಮಕ್ಕಳು ತುಂಬಿದ್ದರಿಂದ ಈರಪ್ಪನ ಪಕ್ಕ ಕೂತೆ. ಒಳಗೆ ಮೋಡ ಕವಿದಂತಿತ್ತು. ಆರಡಿ ಆಳು ಈರಪ್ಪ, ಕತ್ತು ತಗ್ಗಿಸಿ ಅಕ್ಷರದ ಕೆಳಗಿನಿಂದ ರಸ್ತೆ ನೋಡುತ್ತಿದ್ದ. ಎದುರಿಗೆ ಬಂದ ಕಬ್ಬಿನ ಟ್ರೇಲರಿನ ಗಾಲಿ ಕಂಡವು, ಮೇಲಿನ ಹೊರೆ ಕಾಣಲಿಲ್ಲ. ಬೆನ್ನ ಹಿಂದೆ ಮಕ್ಕಳು ಜೋರಾಗಿ ಮಗ್ಗಿ ಹೇಳುತ್ತಿದ್ದವು.

"ಈರಪ್ಪಾ, ಇದನ್ನ ತಗದು ಸಣ್ಣ ಅಕ್ಷರ ಹಾಕಿ ಕೊಡ್ತೇನಿ" ಎಂದೆ.

"ಪೂಜಿ ಆಗೇತ್ರಿ ಅಕ್ಕಾರ. ಅವ್ವನ ಹೆಸರಿಗೆ ಬ್ಲೇಡ್ ಹಚ್ಚತೀರೇನು? ನನಗ ರೂಢಿ ಆಗೇತಿ, ಬಿಡ್ರಿ."

ಬಿಟ್ಟೆ. ತಾಯಿಯ ಹೆಸರೆಂಬ ಸಂಕೋಚ ಅರ್ಧ ಕಾರಣ. ಉಳಿದರ್ಧ ಹೇಳಲು ನಾಚಿಕೆಯಾಗುತ್ತದೆ: ಅದು ನನ್ನ ಕೈಯ ಅತ್ಯುತ್ತಮ ಕೆಲಸ, ಊರೂರಿನ ಡ್ರೈವರುಗಳು ಅದನ್ನು ನೋಡಿಯೇ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಅದೇ ವಾರ ಮುಧೋಳದವನೊಬ್ಬನಿಗೆ, ಜಮಖಂಡಿಯವನೊಬ್ಬನಿಗೆ ಅಂಥದೇ ಹಾಕಿಕೊಟ್ಟೆ. ಆದರೆ ದಿನಾ ಮುಂಜಾನೆ ಎಂಟೂವರೆಗೆ ಈರಪ್ಪನ ಗಾಡಿ ಅಂಗಡಿ ದಾಟುವವರೆಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಮಕ್ಕಳ ತಲೆಗಳನ್ನು ಎಣಿಸಿಯೇ ಕುರ್ಚಿಗೆ ಮರಳುತ್ತಿದ್ದೆ.

ಒಂದು ಮುಂಜಾನೆ ಒಂಬತ್ತಾದರೂ ಗಾಡಿ ಬರಲಿಲ್ಲ. ಯಾರೂ ಸುದ್ದಿ ಹೇಳುವ ಮೊದಲೇ ಅಂಗಡಿಗೆ ಬೀಗ ಹಾಕಿ ಚಿಮ್ಮಡದ ದಾರಿ ಹಿಡಿದೆ. ತಿರುವಿನಲ್ಲಿ ಗಾಲಿ ಪಂಕ್ಚರ್ ಆಗಿ ಕಬ್ಬಿನ ಟ್ರೇಲರು ನಿಂತಿತ್ತು. ಹೊರೆ ಟ್ರೇಲರಿಗಿಂತ ನಾಲ್ಕಡಿ ಹಿಂದಕ್ಕೆ ಚಾಚಿತ್ತು. ಈರಪ್ಪ ಬಗ್ಗಿ ಗಾಲಿಗಳನ್ನಷ್ಟೇ ನೋಡಿ, ಇನ್ನೂ ದೂರವಿದೆ ಎಂದುಕೊಂಡಿದ್ದಾನೆ. ಕಬ್ಬು ಕಪ್ಪು ಹಲಗೆಗೆ ಬಡಿದು, ಕೆಳಕ್ಕೆ ಜಾರಿ, ಗಾಜು ಒಡೆದು ಒಳಕ್ಕೆ ನುಗ್ಗಿತ್ತು. ಮಕ್ಕಳನ್ನು ರಸ್ತೆಯ ಬದಿಗೆ ಕೂರಿಸಿದ್ದರು, ಇಬ್ಬರ ಹಣೆಯಲ್ಲಿ ರಕ್ತ. ಎಣಿಸಿದೆ, ಹನ್ನೊಂದೂ ಇದ್ದವು. ಈರಪ್ಪನನ್ನು ಜಮಖಂಡಿಯ ಆಸ್ಪತ್ರೆಗೆ ಒಯ್ದಿದ್ದರು, ಬಲಗಣ್ಣು ಉಳಿಯಲಿಲ್ಲ.

ಗಾಜಿನ ಕೆಳಭಾಗ ಪುಡಿಪುಡಿ. ಮೇಲ್ಭಾಗ ಮಾತ್ರ ಬಿರುಕು ಬಿಟ್ಟೂ ನಿಂತಿತ್ತು, ಚೂರುಗಳನ್ನು ನನ್ನ ವಿನೈಲ್ ಹಿಡಿದುಕೊಂಡಿತ್ತು. ಸೇರಿದವರು ಅದಕ್ಕೆ ಕೈಮುಗಿಯುತ್ತಿದ್ದರು. "ಗೌರವ್ವ ಉಳಿಸ್ಯಾಳ ನೋಡ್ರಿ, ಹೆಸರಿನ ಒಂದು ಅಕ್ಷರ ಬಿದ್ದಿಲ್ಲ" ಎಂದಳು ಒಬ್ಬ ಮುದುಕಿ. ಮರುದಿನ ಇಬ್ಬರು ಡ್ರೈವರುಗಳು ಬಂದು ಅದೇ ಅಳತೆ, ಅದೇ ಕಪ್ಪು ಬೇಕೆಂದು ಕೇಳಿದರು. ಮಷಿನ್ ಕೆಟ್ಟಿದೆ ಎಂದು ಸುಳ್ಳು ಹೇಳಿ ಕಳಿಸಿದೆ.

ಎರಡು ತಿಂಗಳ ಮೇಲೆ ಈರಪ್ಪನೇ ಬಂದ. ಕರಿ ಕನ್ನಡಕ ಹಾಕಿದ್ದ. ಗಾಡಿಗೆ ಹೊಸ ಗಾಜು ಬಂದಿತ್ತು, ಅಳಿಯ ನಡೆಸುತ್ತಿದ್ದ.

"ಹಂಗ ಹಾಕ್ರಿ ಅಕ್ಕಾರ. ಅವ್ವನಿಂದನ ಹುಡುಗರು ಉಳದಾವ."

ತಲೆಯಾಡಿಸಿ ಫೈಲು ತೆರೆದಿದ್ದರೆ ಮುಗಿಯುತ್ತಿತ್ತು. ಆಗಲಿಲ್ಲ. ಕಬ್ಬನ್ನು ಮರೆಮಾಡಿದ್ದು ನನ್ನ ಕಪ್ಪು ಪದರ ಎಂದು ಹೇಳಿಬಿಟ್ಟೆ. ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ.

"ಆವತ್ತ ನನ್ನ ಬಾಜೂಕ ಕುಂತಾಗನ ನಿಮಗ ಗೊತ್ತಾಗಿತ್ತೇನ್ರಿ?"

"ಗೊತ್ತಾಗಿತ್ತು."

"ಮತ್ತ ಯಾಕ ಕಿತ್ತ ಒಗೀಲಿಲ್ಲ? ನಾ ಬೈತಿದ್ದೆ, ಅಷ್ಟ."

ಗಿರಾಕಿಯ ಮನಸ್ಸು ನೋಯುತ್ತದೆಂದು ಕಣ್ಣಾರೆ ಕಂಡ ಅಪಾಯವನ್ನು ಬಿಡುವುದು ಮರ್ಯಾದೆಯಲ್ಲ, ಹೇಡಿತನ. ಈ ಕಸುಬು ನನಗೆ ಕಲಿಸಿದ್ದು ಇದನ್ನೇ, ಕಲಿಯುವುದಕ್ಕೆ ಮಾತ್ರ ಇನ್ನೊಬ್ಬನ ಕಣ್ಣು ಬೇಕಾಯಿತು. ಮರುದಿನ, ಅಂಥದೇ ಪದರ ಹಾಕಿಕೊಟ್ಟ ಆ ಎರಡು ಗಾಡಿಗಳನ್ನು ಹುಡುಕಿಕೊಂಡು ಜಮಖಂಡಿಗೆ ಹೋದೆ, ಅಲ್ಲಿಂದ ಮುಧೋಳಕ್ಕೆ. ಮುಧೋಳದವನು ನಡುಬಜಾರಿನಲ್ಲಿ ನಿಂತು ಬಾಯಿಗೆ ಬಂದಂತೆ ಬೈದ. ಬೈಸಿಕೊಳ್ಳುತ್ತಲೇ ಕಿತ್ತೆ.