ಕೋಡಿ ನೋಡಲು ಅಮ್ಮ ಯಾರ ಕಾರಿನಲ್ಲಿ

ನನ್ನ ತಮ್ಮ ಹೊಸ ಕಾರು ಕೊಂಡಂದಿನಿಂದ ನನಗೆ ಅವನ ಮುಖಕ್ಕಿಂತ ಮೊದಲು ಅದರ ಚಕ್ರಗಳೇ ಕಾಣುತ್ತಿದ್ದವು. ಅಂಥ ದೊಡ್ಡ ಚಕ್ರ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ, ತುಮಕೂರಿನಲ್ಲಿ ಮನೆ. ಭಾನುವಾರ ಗುಬ್ಬಿ ಪಕ್ಕದ ನಮ್ಮ ತೋಟದ ಮನೆಗೆ ಬಂದನೆಂದರೆ ಅಮ್ಮ ಸೆರಗಿನಿಂದ ಆ ಕಾರಿನ ಬಾಗಿಲ ಧೂಳು ಒರೆಸುವಳು. ನನ್ನದು ಎಂಟುನೂರು ಸಿಸಿಯ ಹಳೇ ಸಣ್ಣ ಕಾರು. ಈಗ ಆ ಮಾಡೆಲ್ ಬರುವುದೂ ಇಲ್ಲ. ಅದರ ಬಾನೆಟ್ ಮೇಲೆ ಅಮ್ಮ ಮೆಣಸಿನಕಾಯಿ ಒಣಹಾಕುತ್ತಾಳೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಕಳೆದ ಮಳೆಗಾಲದಲ್ಲಿ ಕೊತ್ತಗೆರೆ ಕಡೆ ಇರುವ ಅಮ್ಮನ ತವರೂರಿನ ಕೆರೆ ತುಂಬಿ ಕೋಡಿ ಬಿತ್ತು. ಆ ಊರಿನಲ್ಲಿ ಕೋಡಿ ಬಿದ್ದರೆ ಕೊಟ್ಟ ಹೆಣ್ಣುಮಕ್ಕಳನ್ನೆಲ್ಲ ಕರೆಸಿ, ಏರಿಯ ಮೇಲೆ ಬಾಗಿನ ಬಿಡಿಸಿ, ಮಡಿಲಿಗೆ ಅಕ್ಕಿ ಕಾಯಿ ತುಂಬಿ ಕಳಿಸುತ್ತಾರೆ. ಸೋದರಮಾವ ಫೋನಿನಲ್ಲಿ ಕರೆದವರು ಕರೆದು ಸುಮ್ಮನಿರಬಾರದಿತ್ತೆ? "ಕೋಡಿ ನೀರು ರೋಡ್ ಮ್ಯಾಲೇ ಹರಿತಾ ಅದೆ, ಅದನ್ನ ದಾಟುದ್ರೆ ಬರೀ ಕೆಸ್ರು. ಬಸ್ ನಿಂತೋಗವೆ. ಎತ್ತರದ ಗಾಡೀಲಿ ಬನ್ರಪ್ಪ" ಎಂದರು. ಎತ್ತರದ ಗಾಡಿ ಯಾರ ಹತ್ತಿರ ಇದೆ ಅನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅದಾದ ಸ್ವಲ್ಪ ಹೊತ್ತಿಗೇ ತಮ್ಮನ ಫೋನು. "ಅಣ್ಣ, ಅಮ್ಮನ್ನ ನಾನ್ ಕರ್ಕೊಂಡೋಯ್ತೀನಿ."

"ಯಾಕ್ಲಾ, ಮನೇಲಿ ಕಾರಿಲ್ವಾ?" ಎಂದೆ.

"ಇದೆ, ಆದ್ರೆ ಅದು..." ಎಂದು ನಕ್ಕ. ಅವನ ಆ ನಗು ನನಗೆ ಆಗಿಬರುವುದಿಲ್ಲ.

ಅಮ್ಮನನ್ನು ಕೇಳಿದರೆ "ನೋಡಾಣ ಬುಡು" ಎಂದಳು. ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ತವರಿನವರೆಲ್ಲ ನೋಡುತ್ತಿರುವಾಗ ಅಮ್ಮ ಆ ಏರಿಯ ಬಳಿ ಯಾರ ಕಾರಿನಿಂದ ಇಳಿಯುತ್ತಾಳೆ? ನನ್ನದರಿಂದಲೇ ಇಳಿಯಬೇಕು. ಅಮ್ಮನಿಗೆ ಮೂರು ಹೊತ್ತೂ ಮಾತ್ರೆ ನೆನಪಿಸುವವನು ನಾನು. ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯುವವನು ನಾನು. ಕೋಡಿಗೆ ಮಾತ್ರ ಅವನೇ?

ಕಾರನ್ನು ನೀರಿಗಿಳಿಸಲು ಸಜ್ಜು ಮಾಡತೊಡಗಿದೆ. ಇಂಥ ಹಳೇ ಪೆಟ್ರೋಲ್ ಕಾರು ನೀರಿನಲ್ಲಿ ನಿಲ್ಲುವುದು ಎಂಜಿನ್ನಿನ ದೋಷದಿಂದಲ್ಲ, ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾಗುವುದರಿಂದ. ಅದಕ್ಕೆ ಗ್ರೀಸ್ ಮೆತ್ತಿ, ಮೇಲೆ ಸೈಕಲ್ ಟ್ಯೂಬು ಸುತ್ತಿ ಬಿಗಿಯಾಗಿ ಕಟ್ಟಿದೆ. ಫಿಲ್ಟರ್ ಗಾಳಿ ಎಳೆಯುವ ಮೂತಿಯನ್ನು ಬಾನೆಟ್ಟಿನ ಮೇಲ್ಭಾಗಕ್ಕೆ ತಿರುಗಿಸಿದೆ. ಸೈಲೆನ್ಸರಿನ ಬಾಯಿಗೆ ತೋಟದ ಹಳೇ ಪೈಪಿನ ತುಂಡು ಸಿಕ್ಕಿಸಿ ಮೇಲಕ್ಕೆ ಎತ್ತಿ ಕಟ್ಟಿದೆ. ತಳದ ತೂತುಗಳ ರಬ್ಬರ್ ಬಿರಡೆಗಳಿಗೆ ಎಂಸೀಲ್ ಮೆತ್ತಿದೆ. ನೀರು ನೇರವಾಗಿ ಎಂಜಿನ್ನಿಗೆ ಬಡಿಯದಿರಲೆಂದು ಮುಂದಿನ ಜಾಲರಿಗೆ ಟಾರ್ಪಾಲು ಕಟ್ಟಿದೆ. ಕೆಸರು ಹಿಡಿಯಲೆಂದು ಮುಂದಿನ ಟೈರುಗಳ ಗಾಳಿ ಸ್ವಲ್ಪ ಇಳಿಸಿದೆ. ಕೊನೆಗೆ ಡಿಕ್ಕಿಯಲ್ಲಿ ಎರಡು ಮೂಟೆ ತೆಂಗಿನಕಾಯಿ ಹೇರಿದೆ. ತವರಿಗೆ ಹೋಗುವವಳು ಬರಿಗೈಯಲ್ಲಿ ಹೋಗಬಾರದು ಅನ್ನುವುದು ಒಂದು. ಇನ್ನೊಂದು ಕಾರಣವೂ ಇತ್ತು.

"ಅಷ್ಟೊಂದು ಭಾರ ಯಾಕೆ ತುಂಬ್ತಿದೀರಾ?" ಎಂದಳು ನನ್ನ ಹೆಂಡತಿ.

"ಟ್ರ್ಯಾಕ್ಟರ್ ನೋಡಿಲ್ವೇನೇ? ಹಿಂದೆ ಭಾರ ಇದ್ರೆ ಕೆಸ್ರು ಕಚ್ಕೊಂಡು ಹೋಗತ್ತೆ ಕಣೇ."

"ಕಾರಿಗೆ ನೀರು ನುಗ್ದಂಗೆ ಎಲ್ಲಾ ಮಾಡುದ್ರಿ. ಇನ್ನು ಹೊಟ್ಟೆಕಿಚ್ಚಿಗೊಂದು ತಣ್ಣೀರ್ ಹಾಕ್ಕೊಂಬುಡಿ, ಹೊರಡಾಣ" ಎಂದಳು.

ಹೊರಡುವ ದಿನ ಬೆಳಗ್ಗೆ ತಮ್ಮ ಬಂದೇ ಬಂದ. ಎಂಜಿನ್ ಕೂಡ ಆಫ್ ಮಾಡದೆ, ಬಾಗಿಲು ತೆರೆದೇ ಬಿಟ್ಟು ಇಳಿದು ನಿಂತ. ಒಳಗಿನಿಂದ ಎಸಿಯ ತಂಪು ಅಂಗಳದವರೆಗೂ ಬರುತ್ತಿತ್ತು. ಅಪ್ಪ ಹಸುಗಳ ನೆಪ ಹೇಳಿ ಮನೆಯಲ್ಲೇ ಉಳಿದರು. ಅಮ್ಮ ರೇಷ್ಮೆ ಸೀರೆ ಉಟ್ಟು, ಬಾಗಿನದ ಮೊರ ಹಿಡಿದು ಅಂಗಳಕ್ಕೆ ಬಂದು ಅವನ ಕಾರು ನೋಡಿದಳು. ಆಮೇಲೆ ಗ್ರೀಸ್ ಮೆತ್ತಿದ ಅಂಗಿಯಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ನೇರವಾಗಿ ಬಂದು ನನ್ನ ಕಾರಿನಲ್ಲಿ ಕುಳಿತಳು.

ನನಗೆ ಎಷ್ಟು ಖುಷಿಯಾಯಿತೆಂದರೆ, ನನ್ನ ಹೆಂಡತಿ "ಕಾಲ್ ಚಾಚ್ಕೊಳಕ್ಕೆ ಜಾಗ ಅದೆ" ಎಂದು ತಮ್ಮನ ಕಾರು ಹತ್ತಿದ್ದಕ್ಕೂ ಬೇಸರವಾಗಲಿಲ್ಲ. ಕುಣಿಗಲ್ ದಾಟುವವರೆಗೂ ಕನ್ನಡಿಯಲ್ಲಿ ತಮ್ಮನ ಕಾರನ್ನು ನೋಡುತ್ತಲೇ ಓಡಿಸಿದೆ. ಅದರ ಪಕ್ಕದ ಸೀಟು ಖಾಲಿ ಇತ್ತು, ಹೆಂಡತಿ ಹಿಂದಿನ ಸೀಟಿನಲ್ಲಿ ಮಲಗಿದ್ದಳು.

ಕೋಡಿ ನೀರು ರಸ್ತೆಗೆ ಅಡ್ಡಲಾಗಿ ಮೊಣಕಾಲೆತ್ತರ ಹರಿಯುತ್ತಿತ್ತು. ರಸ್ತೆಯ ಅಂಚು ಗೊತ್ತಾಗಲೆಂದು ಊರಿನವರು ಎರಡೂ ಕಡೆ ಕೋಲು ನೆಟ್ಟಿದ್ದರು. ಫಸ್ಟ್ ಗೇರು ಹಾಕಿ, ಎಕ್ಸಿಲೇಟರನ್ನು ಒಂದೇ ಸಮ ಒತ್ತಿ ಇಳಿಸಿದೆ. ಪೈಪಿನ ಬಾಯಿಂದ ಸೈಲೆನ್ಸರ್ ಎಮ್ಮೆಯ ಹಾಗೆ ಬುಸುಗುಟ್ಟಿತು. ಬಾಗಿಲ ಸಂದಿಯಿಂದ ಒಂದಿಷ್ಟು ನೀರು ಬಂದು ಅಮ್ಮ ಕಾಲೆತ್ತಿ ಸೀಟಿನ ಮೇಲಿಟ್ಟುಕೊಂಡಳೇ ಹೊರತು ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ದಾಟಿದೆವು! ಆಚೆ ದಡದಲ್ಲಿದ್ದ ಹುಡುಗರು ಶಿಳ್ಳೆ ಹೊಡೆದರು. ಅವರು ಶಿಳ್ಳೆ ಹೊಡೆದದ್ದು ತಮ್ಮನಿಗೂ ಗೊತ್ತಾಗಲಿ ಎಂದು ನಾನು ಬೇಕೆಂದೇ ಕಿಟಕಿಯಿಂದ ಕೈ ಬೀಸಿದೆ.

ಮುಂದೆ ಏರು, ಬರೀ ಕೆಸರು. ಅರ್ಧ ಹತ್ತುವಷ್ಟರಲ್ಲಿ ಮುಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗತೊಡಗಿದವು. ಹಿಂಭಾಗ ಮೆತ್ತಗೆ ಕೆಸರಿಗೆ ಕೂತಿತು. ಟ್ರ್ಯಾಕ್ಟರನ್ನು ತಳ್ಳುವುದು ಹಿಂದಿನ ಚಕ್ರ. ನನ್ನ ಕಾರನ್ನು ಎಳೆಯುವುದು ಮುಂದಿನ ಚಕ್ರ. ಇಷ್ಟು ವರ್ಷ ಓಡಿಸಿದವನು, ಟೈರಿನ ಗಾಳಿ ಇಳಿಸುವಾಗ ಮುಂದಿನದನ್ನೇ ಇಳಿಸಿದವನು, ಭಾರ ಮಾತ್ರ ಹಿಂದಕ್ಕೆ ಹೇರಿ ಮುಂದನ್ನು ಹಗುರ ಮಾಡಿದ್ದೆ. ತೋಟದವನ ಬುದ್ಧಿ ಟ್ರ್ಯಾಕ್ಟರ್ ಬಿಟ್ಟು ಆಚೆ ಹೋಗುವುದಿಲ್ಲ.

ನಮ್ಮ ಪಕ್ಕದಲ್ಲೇ ತಮ್ಮ ಸಲೀಸಾಗಿ ಏರಿ ಮುಂದೆ ನಿಲ್ಲಿಸಿ, ಪ್ಯಾಂಟು ಮಡಚಿಕೊಂಡು ಇಳಿದು ಬಂದ. ಡಿಕ್ಕಿ ತೆರೆದು ಮೂಟೆ ನೋಡಿದ. ನಗಲಿಲ್ಲ, ಅದೇ ನನ್ನನ್ನು ಇನ್ನೂ ಉರಿಸಿತು.

"ಎಂಜಿನ್ ಮಾತ್ರ ನಿಲ್ಲಲಿಲ್ಲ ಕಣೋ" ಎಂದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ಹೂಂ ಅಣ್ಣ, ಚೆನ್ನಾಗ್ ಕಟ್ಟಿದೀಯ" ಎಂದು ಅಮ್ಮನ ಕಡೆ ಬಗ್ಗಿದ. "ಅಮ್ಮ, ಬಾ, ನನ್ ಕಾರಲ್ಲಿ ಕೂತ್ಕೊ. ಹಗ್ಗ ಕಟ್ಟಿ ಎಳೀತೀನಿ."

ಅಮ್ಮ ಕದಲಲಿಲ್ಲ. "ನಾನ್ ಇಲ್ಲೇ ಕೂತಿರ್ತೀನಿ. ನೀನು ಎಳಿ" ಎಂದಳು.

ತಮ್ಮ ಹಗ್ಗ ತರಲು ಹೋದ. ಕೆಸರಿನಲ್ಲಿ ಹೂತ ಕಾರಿನಲ್ಲೂ ನನ್ನನ್ನು ಬಿಟ್ಟಿಳಿಯದ ಅಮ್ಮನನ್ನು ನೋಡಿ ನನ್ನ ಎದೆ ಉಬ್ಬಿತು. ಬಾಯಿ ಸುಮ್ಮನಿರಲಿಲ್ಲ. "ನಿಂಗೆ ನನ್ ಕಾರೇ ಇಷ್ಟ ಅಲ್ವೇನಮ್ಮ?" ಎಂದು ಕೇಳಿಬಿಟ್ಟೆ.

ಅಮ್ಮ ಒದ್ದೆಯಾದ ಸೀರೆಯ ಅಂಚು ಹಿಂಡುತ್ತ ಹೇಳಿದಳು: "ಕಾರ್ ಗೀರ್ ನಂಗೇನ್ ಗೊತ್ತಪ್ಪ. ಅವ್ನ ಕಾರ್ ಹತ್ತುದ್ರೆ ನೀನು ಮೂತಿ ಊದುಸ್ಕೊಂಡು ಯುಗಾದಿ ಗಂಟ ಮಾತಾಡಾಕಿಲ್ಲ. ಅವ್ನು ಬುಡು, ನಾನ್ ಎಲ್ಲಿ ಕೂತ್ರೂ ಏನೂ ಅಂದ್ಕಳಲ್ಲ. ರಾತ್ರಿ ಫೋನ್ ಮಾಡಿದ್ದಾಗ ಅವ್ನೇ ಅಂದ, ಅಣ್ಣನ್ ಕಾರಲ್ಲೇ ಕೂತ್ಕೊಮ್ಮ, ನಾನ್ ಹಿಂದೆ ಬತ್ತೀನಿ ಅಂತ."

ತಮ್ಮ ಹಗ್ಗ ಬಿಗಿದು, ನ್ಯೂಟ್ರಲ್‌ಗೆ ಹಾಕಲು ಕೈಸನ್ನೆ ಮಾಡಿದ. ಹಾಕಿದೆ. ಕಾರು ಮೆಲ್ಲಗೆ ಕೆಸರಿನಿಂದೆದ್ದು ಅವನ ಹಿಂದೆ ಏರು ಹತ್ತಿತು. ಏರಿಯ ಬಳಿ ಅಮ್ಮ ನನ್ನ ಕಾರಿನಿಂದಲೇ ಇಳಿದಳು. ತವರಿನವರೆಲ್ಲ ನೋಡಿದರು. ನಾನು ಬೇಡಿಕೊಂಡಿದ್ದೂ ಅದನ್ನೇ. ಅವತ್ತಿನಿಂದ ಅವನ ಕಾರಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅಮ್ಮ ಸಮಾಧಾನ ಮಾಡಬೇಕಾಗಿಯೇ ಇಲ್ಲದ ಮಗ ಅವನು, ಆ ಕಿಚ್ಚು ಮಾತ್ರ ಇನ್ನೂ ಆರಿಲ್ಲ.